ಎರಡಾಳಿನ ಕೆಲಸಕ್ಕೆ ಎಷ್ಟಾಳಿನ ಕೂಲಿ?

2022ರ ಅಕ್ಟೋಬರ್ 30ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಒಂದು ಪಂದ್ಯದ ತುಣುಕುಗಳನ್ನು ನಾನು ಆಗಾಗ ಹಾಕಿಕೊಂಡು ನೋಡುತ್ತೇನೆ. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಫಾರ್ಟಿನೈನರ್ಸ್ ಮತ್ತು ರ‍್ಯಾಮ್ಸ್ ತಂಡಗಳ ಹಣಾಹಣಿ. ಕ್ರಿಶ್ಚಿಯನ್ ಮೆಕ್ಯಾಫ್ರಿ ಎಂಬ ಆಟಗಾರ ಫಾರ್ಟಿನೈನರ್ಸ್ ಸೇರಿ ಆಗಿನ್ನೂ ಹತ್ತು ದಿನ. ಹೊಸ ತಂಡದ ತಂತ್ರಗಳನ್ನೆಲ್ಲ ಬಾಯಿಪಾಠ ಮಾಡಿ ಮುಗಿಸಿದ್ದರೋ ಇಲ್ಲವೋ. ಅಂದು ಅವರು ಚೆಂಡನ್ನು 34 ಗಜ ದೂರ ಎಸೆದು ಜೊತೆಗಾರನಿಂದ ಒಂದು ಟಚ್‌ಡೌನ್ ಮಾಡಿಸಿದರು. ಬೇರೆಯವರು ಎಸೆದ ಚೆಂಡನ್ನು ಹಿಡಿದು ತಾವೇ ಒಂದು ಮಾಡಿದರು. ಚೆಂಡನ್ನು ಎದೆಗವಚಿಕೊಂಡು ಗುಂಪಿನೊಳಕ್ಕೆ ನುಗ್ಗಿ ಮತ್ತೊಂದು. ಹೀಗೆ ಎಸೆದು, ಹಿಡಿದು, ಓಡಿ, ಮೂರೂ ಬಗೆಯಲ್ಲಿ ಒಂದೇ ಪಂದ್ಯದಲ್ಲಿ ಅಂಕ ತಂದವರಲ್ಲಿ ಅದಕ್ಕೆ ಮುಂಚಿನ ಕೊನೆಯವರು ಲಡೇನಿಯನ್ ಟಾಮ್ಲಿನ್ಸನ್, ಅದೂ 2005ರಲ್ಲಿ.

ಇಂಥ ಸವ್ಯಸಾಚಿಗೆ ವರ್ಷಕ್ಕೆ ಎಷ್ಟು ಕೊಡಬೇಕು? ಕೇಳಲು ಸುಲಭ. ಆದರೆ ಅಮೆರಿಕದ ಕ್ರೀಡಾಲೋಕದಲ್ಲಿ ಹತ್ತು ಹದಿನೈದು ವರ್ಷಗಳಿಂದ ಇಷ್ಟು ಜಗಳಕ್ಕೆ ಕಾರಣವಾದ ಸಂಬಳದ ಪ್ರಶ್ನೆ ಇನ್ನೊಂದಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಎದುರಾಳಿಯ ತುದಿಗೆರೆ ದಾಟಿಸಿದರೆ ಟಚ್‌ಡೌನ್. ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರ ಚೆಂಡನ್ನು ದೂರಕ್ಕೆ ಎಸೆಯಬಹುದು, ಮೊದಲೇ ಓಡಿಹೋದ ರಿಸೀವರ್ ಅದನ್ನು ಹಿಡಿಯುತ್ತಾನೆ. ಇಲ್ಲವೇ ಪಕ್ಕದಲ್ಲೋ ಹಿಂದೆಯೋ ನಿಂತ ರನ್ನಿಂಗ್ ಬ್ಯಾಕ್‌ನ ಕೈಗೆ ಚೆಂಡು ಕೊಡಬಹುದು, ಅವನು ಬೆಟ್ಟದಂಥ ಆಳುಗಳ ಸಂದಿಯಲ್ಲಿ ನುಗ್ಗಿ ಸಿಕ್ಕಷ್ಟು ಗಜ ಗಿಟ್ಟಿಸಿಕೊಂಡು ಬೀಳುತ್ತಾನೆ. ಓಟಕ್ಕೆ ಸರಾಸರಿ ನಾಲ್ಕು ಗಜ ಚಿಲ್ಲರೆ, ಎಸೆತಕ್ಕೆ ಏಳರ ಆಸುಪಾಸು. ಈ ಎರಡು ಮೂರು ಗಜದ ಅಂತರವೇ ಕಾಲಕ್ರಮದಲ್ಲಿ ಓಡುವವನ ಹೊಟ್ಟೆಗೆ ಹೊಡೆಯಿತು.

ಹಿಂದೆ ಹೀಗಿರಲಿಲ್ಲ. 1993ರಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಎಮಿಟ್ ಸ್ಮಿತ್ ಸಂಬಳ ಸಾಲದೆಂದು ಮನೆಯಲ್ಲೇ ಕೂತರು. ತಂಡ ಮೊದಲ ಎರಡು ಪಂದ್ಯ ಸೋತಿತು. ಮಾಲೀಕ ಜೆರಿ ಜೋನ್ಸ್ ತಡಮಾಡದೆ 4 ವರ್ಷಕ್ಕೆ 1.36 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ಋತುವಿನಲ್ಲಿ ತಂಡ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು, ಸ್ಮಿತ್ ಲೀಗ್‌ನ ಅತ್ಯುತ್ತಮ ಆಟಗಾರರಾದರು. ಓಡುವವನು ಮುನಿಸಿಕೊಂಡರೆ ಮಾಲೀಕನ ನಿದ್ದೆ ಹಾರಿಹೋಗುತ್ತಿದ್ದ ಕಾಲ ಅದು.

ಆಮೇಲೆ ಎಸೆತದ ಆಟಕ್ಕೆ ನಿಯಮಗಳು ಒಂದೊಂದಾಗಿ ಅನುಕೂಲವಾಗುತ್ತ ಹೋದವು. 1978ರಲ್ಲೇ ಶುರುವಾಗಿದ್ದ ಈ ಬದಲಾವಣೆ 2004ರ ಹೊತ್ತಿಗೆ ಬಿಗಿಯಾಯಿತು. ರಿಸೀವರ್‌ನನ್ನು ಅಡ್ಡಗಟ್ಟುವುದು, ತಳ್ಳುವುದು ಕಷ್ಟವಾಯಿತು. ಚೆಂಡು ಎಸೆಯುವುದೇ ಲಾಭ ಎಂದು ಲೆಕ್ಕದ ಮೇಷ್ಟ್ರುಗಳು ಹೇಳಿದರು. ಓಟ ಯಶಸ್ವಿಯಾಗುವುದು ಓಡುವವನಿಗಿಂತ ಹೆಚ್ಚಾಗಿ ಮುಂದೆ ದಾರಿ ಬಿಡಿಸುವ ಐವರು ದಾಂಡಿಗರಿಂದ ಎಂಬುದೂ ಅಂಕಿ ಅಂಶಗಳಲ್ಲಿ ಕಂಡಿತು. ಡೆನ್ವರ್ ಬ್ರಾಂಕೋಸ್ ತಂಡ 1990ರ ದಶಕದ ಕೊನೆಯಲ್ಲಿ ಇದನ್ನು ಕಣ್ಣೆದುರೇ ತೋರಿಸಿಕೊಟ್ಟಿತ್ತು. ತಂಡಗಳು ಸರದಿಯಂತೆ ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆರನೇ ಸುತ್ತಿಗೆ ಆಯ್ಕೆಯಾಗಿದ್ದ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದರು. ಅವರು ಗಾಯಗೊಂಡಾಗ ಬಂದ ಒಲಾಂಡಿಸ್ ಗ್ಯಾರಿಯೂ ಸಾವಿರ ದಾಟಿದರು, ಅವರ ನಂತರದ ಮೈಕ್ ಆಂಡರ್ಸನ್ ಕೂಡ.

ಬೆಲೆ ಎಷ್ಟು ಕುಸಿಯಿತು ಎಂಬುದಕ್ಕೆ ಒಂದೇ ಹೋಲಿಕೆ ಸಾಕು. ಪ್ರತಿ ತಂಡ ಆಟಗಾರರಿಗೆಲ್ಲ ಸೇರಿ ವರ್ಷಕ್ಕೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಎನ್‌ಎಫ್‌ಎಲ್‌ನಲ್ಲಿ 1994ರಿಂದ ಇದೆ. ಅದನ್ನು ಸ್ಯಾಲರಿ ಕ್ಯಾಪ್ ಎನ್ನುತ್ತಾರೆ. 2011ರಲ್ಲಿ ಈ ಮಿತಿ 12 ಕೋಟಿ ಡಾಲರ್ ಇದ್ದಾಗ ಮಿನೆಸೋಟದ ಏಡ್ರಿಯನ್ ಪೀಟರ್ಸನ್ 7 ವರ್ಷಕ್ಕೆ ಸುಮಾರು 10 ಕೋಟಿ ಡಾಲರಿನ ಒಪ್ಪಂದ ಪಡೆದರು. ವರ್ಷಕ್ಕೆ 1.4 ಕೋಟಿ. ಹನ್ನೆರಡು ವರ್ಷ ಕಳೆದು 2023ರಲ್ಲಿ ಇಂಡಿಯಾನಾಪೊಲಿಸ್‌ನ ಜೊನಾಥನ್ ಟೇಲರ್ ತಿಂಗಳುಗಟ್ಟಲೆ ಜಗಳವಾಡಿ ಪಡೆದದ್ದೂ ವರ್ಷಕ್ಕೆ 1.4 ಕೋಟಿ. ಅಷ್ಟರಲ್ಲಿ ಕ್ಯಾಪ್ 22.48 ಕೋಟಿಗೆ ಏರಿತ್ತು. ಅಂದರೆ ಶೇ 11ಕ್ಕೂ ಹೆಚ್ಚಿದ್ದ ಪಾಲು ಶೇ 6ರ ಹತ್ತಿರಕ್ಕೆ ಇಳಿದಿತ್ತು. ಡಾಲರಿನ ಮೊತ್ತ ನೋಡಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಸಾಧ್ಯವಾದಲ್ಲೆಲ್ಲ ಪಾಲಿನ ಲೆಕ್ಕವನ್ನೇ ಹಿಡಿಯುತ್ತೇನೆ.

ಓಟಕ್ಕೆ ಬೆಲೆ ಇಳಿದ ಮೇಲೆ ಓಡುವವರು ಕಂಡುಕೊಂಡ ವಾದ ಇದು: ‘ನಾನು ಬರೀ ಓಡುವುದಿಲ್ಲ, ಚೆಂಡನ್ನೂ ಹಿಡಿಯುತ್ತೇನೆ. ಹಿಡಿಯುವವನ ಸಂಬಳವನ್ನೂ ಸೇರಿಸಿ ಕೊಡಿ.’

ಈ ಬಗೆಯ ಆಟಗಾರ ಹೊಸಬನೇನಲ್ಲ. 1980ರ ದಶಕದಲ್ಲಿ ಫಾರ್ಟಿನೈನರ್ಸ್ ಕೋಚ್ ಬಿಲ್ ವಾಲ್ಷ್ ಪುಟ್ಟಪುಟ್ಟ ಎಸೆತಗಳನ್ನೇ ಓಟದಂತೆ ಬಳಸಿದರು. ಅವರ ಕೈಕೆಳಗೆ ರೋಜರ್ ಕ್ರೇಗ್ 1985ರಲ್ಲಿ ಓಡಿ 1,050 ಗಜ, ಹಿಡಿದು 1,016 ಗಜ ಗಳಿಸಿ, ಒಂದೇ ಋತುವಿನಲ್ಲಿ ಎರಡೂ ಕಡೆ ಸಾವಿರ ದಾಟಿದ ಮೊದಲಿಗರಾದರು. ಎರಡನೆಯವರು 1999ರಲ್ಲಿ ಮಾರ್ಷಲ್ ಫಾಕ್. ಮೂರನೆಯವರು 2019ರಲ್ಲಿ ನಮ್ಮ ಮೆಕ್ಯಾಫ್ರಿ, ಓಟ 1,387, ಹಿಡಿತ 1,005.

ಫಾಕ್ ಕಥೆಯಲ್ಲಿ ಈ ಇಡೀ ವಿವಾದದ ಎರಡೂ ಮುಖಗಳಿವೆ. ಹೊಸ ಒಪ್ಪಂದ ಕೇಳಿದ ಅವರನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್ 1999ರಲ್ಲಿ ಎರಡು ಡ್ರಾಫ್ಟ್ ಆಯ್ಕೆಗಳಿಗೆ, ಒಂದು ಎರಡನೇ ಸುತ್ತಿನದು ಇನ್ನೊಂದು ಐದನೆಯದು, ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಬಿಟ್ಟುಕೊಟ್ಟಿತು. ಹಿಂದಿನ ವರ್ಷ ಹದಿನಾರರಲ್ಲಿ ನಾಲ್ಕೇ ಪಂದ್ಯ ಗೆದ್ದಿದ್ದ ರ‍್ಯಾಮ್ಸ್ ಆ ವರ್ಷ ಸೂಪರ್ ಬೌಲ್ ಎತ್ತಿಹಿಡಿಯಿತು. ಸವ್ಯಸಾಚಿಗೆ ಎಷ್ಟು ಕೊಟ್ಟರೂ ಕಡಿಮೆ ಎನ್ನುವವರಿಗೆ ಇದು ಸಾಕ್ಷಿ. ಆದರೆ ಕೋಲ್ಟ್ಸ್ ಏನು ಮಾಡಿತು? ಡ್ರಾಫ್ಟ್‌ನಲ್ಲಿ ಎಡ್ಜರಿನ್ ಜೇಮ್ಸ್ ಎಂಬ ಹುಡುಗನನ್ನು ತಂದಿತು. ಮೊದಲೆರಡು ವರ್ಷವೂ ಲೀಗ್‌ನಲ್ಲಿ ಅತಿ ಹೆಚ್ಚು ಗಜ ಓಡಿದವನು ಅವನೇ. ಹೋದವನ ಜಾಗ ತುಂಬುವುದು ಕಷ್ಟವಲ್ಲ ಎನ್ನುವವರಿಗೆ ಇದು ಸಾಕ್ಷಿ. ಒಂದೇ ವ್ಯವಹಾರದಲ್ಲಿ ಎರಡು ಕಡೆಯವರೂ ಗೆದ್ದರು, ಬುದ್ಧಿ ಕಲಿಯಬೇಕಾದವರು ಯಾರೆಂದೇ ಗೊತ್ತಾಗಲಿಲ್ಲ.

ವಾದವನ್ನು ಕೋರ್ಟಿನ ಕಟಕಟೆಗೆ ತಂದಂತೆ ತಂದವರು ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಲೆವಿಯಾನ್ ಬೆಲ್. 2017ರಲ್ಲಿ ಅವರು 1,291 ಗಜ ಓಡಿ, 85 ಬಾರಿ ಚೆಂಡು ಹಿಡಿದಿದ್ದರು. ತಾನು ತಂಡದ ಮೊದಲ ರನ್ನಿಂಗ್ ಬ್ಯಾಕ್ ಅಷ್ಟೇ ಅಲ್ಲ, ಎರಡನೇ ರಿಸೀವರ್ ಕೂಡ, ಎರಡನ್ನೂ ಕೂಡಿಸಿ ಬೆಲೆ ಕಟ್ಟಿ ಎಂಬುದು ಅವರ ಪಟ್ಟು. ವರ್ಷಕ್ಕೆ ಒಂದೂವರೆ ಕೋಟಿ ಡಾಲರ್ ಬೇಕೆಂದು ಅದಕ್ಕೂ ಮೊದಲೇ ಒಂದು ರ‍್ಯಾಪ್ ಹಾಡಿನಲ್ಲೇ ಹೇಳಿಕೊಂಡಿದ್ದರು. ಸಂಬಳದ ಬೇಡಿಕೆಯನ್ನು ಹಾಡಿ ಹೇಳುವ ಈ ಕ್ರಮವನ್ನು ನಮ್ಮ ನೌಕರರ ಸಂಘಗಳು ಇನ್ನೂ ಪ್ರಯೋಗಿಸಿದಂತಿಲ್ಲ.

ತಂಡ ಉತ್ತರವಾಗಿ ಬಳಸಿದ್ದು ಫ್ರಾಂಚೈಸ್ ಟ್ಯಾಗ್ ಎಂಬ ಅಸ್ತ್ರ. ಒಪ್ಪಂದ ಮುಗಿದು ಬೇರೆಡೆಗೆ ಹೊರಟ ಆಟಗಾರನ ಕೊರಳಿಗೆ ತಂಡ ಒಂದು ಚೀಟಿ ಕಟ್ಟಿ ಇನ್ನೊಂದು ವರ್ಷ ಉಳಿಸಿಕೊಳ್ಳಬಹುದು. ಅವನ ಸ್ಥಾನದಲ್ಲಿ ಆಡುವ ಅತಿ ಹೆಚ್ಚು ಸಂಬಳದ ಐವರ ಲೆಕ್ಕದ ಮೇಲೆ ಮೊತ್ತ ಗೊತ್ತಾಗುತ್ತದೆ. ಎರಡನೇ ವರ್ಷವೂ ಕಟ್ಟಿದರೆ ಶೇ 20 ಹೆಚ್ಚು. ಬೆಲ್‌ಗೆ 2017ರಲ್ಲಿ 1.21 ಕೋಟಿ, 2018ರಲ್ಲಿ 1.45 ಕೋಟಿ ಡಾಲರ್. ಎರಡನೆಯ ಚೀಟಿಗೆ ಅವರು ಸಹಿ ಹಾಕಲಿಲ್ಲ. ಇಡೀ ಋತು ಆಡಲೇ ಇಲ್ಲ. 1.45 ಕೋಟಿ ಎಂದರೆ ಆ ವರ್ಷದ ಕ್ಯಾಪ್‌ನಲ್ಲಿ ಶೇ 8ಕ್ಕೂ ಹೆಚ್ಚು, ಚಿಕ್ಕ ಪಾಲೇನಲ್ಲ. ಆದರೂ ಯಾಕೆ ಒದ್ದರು? ಅದು ಒಂದೇ ವರ್ಷದ ಮಾತಾಗಿತ್ತು. ಆಗ ಬೆಲ್ ವಯಸ್ಸು 26. ಆ ವರ್ಷ ಮಂಡಿ ಮುರಿದರೆ ಮರುವರ್ಷ ಕೇಳುವವರಿಲ್ಲ. ಅವರ ಜಗಳ ಇದ್ದದ್ದು ಮೊತ್ತದ ಜೊತೆಗಿಂತ ಭರವಸೆಯ ಜೊತೆ.

ಆ ಹಟದ ಫಲ ಚೆನ್ನಾಗಿರಲಿಲ್ಲ. ಬೆಲ್ ಜಾಗಕ್ಕೆ ಬಂದವರು ಮೂರನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ, ಕ್ಯಾನ್ಸರ್ ಗೆದ್ದು ಮರಳಿದ್ದ ಜೇಮ್ಸ್ ಕಾನರ್. 973 ಗಜ ಓಡಿ ಆ ವರ್ಷದ ತಾರೆಯರ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯೂ ಆದರು. ಬೆಲ್ 2019ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದರು, 4 ವರ್ಷಕ್ಕೆ 5.25 ಕೋಟಿ ಡಾಲರ್. ಮೊದಲ ವರ್ಷ 245 ಬಾರಿ ಓಡಿ ಗಳಿಸಿದ್ದು 789 ಗಜ. ಈ 789 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಮರುವರ್ಷ ಅಕ್ಟೋಬರ್‌ನಲ್ಲಿ ಜೆಟ್ಸ್ ಅವರನ್ನು ಕೈಬಿಟ್ಟಿತು.

ಟ್ಯಾಗ್‌ನ ನಿಜವಾದ ತೊಡಕು ಅದು ಹಣೆಪಟ್ಟಿ ನೋಡಿ ಬೆಲೆ ಕಟ್ಟುತ್ತದೆ ಎಂಬುದು. 2023ರಲ್ಲಿ ಟ್ಯಾಗ್ ದರ ಕ್ವಾರ್ಟರ್‌ಬ್ಯಾಕ್‌ಗೆ 3.24 ಕೋಟಿ, ರಿಸೀವರ್‌ಗೆ 1.97 ಕೋಟಿ, ರನ್ನಿಂಗ್ ಬ್ಯಾಕ್‌ಗೆ 1.01 ಕೋಟಿ. ಓಡುವವನಿಗಿಂತ ಕಡಿಮೆ ದರ ಇದ್ದದ್ದು ಚೆಂಡು ಒದೆಯುವವನಿಗೆ ಮಾತ್ರ. ಎರಡೂ ಮಾಡುವವನಿಗೆ ಅಂತ ಒಂದು ಪಟ್ಟಿಯೇ ಇಲ್ಲ. ನ್ಯೂ ಓರ್ಲಿಯನ್ಸ್‌ನ ಜಿಮ್ಮಿ ಗ್ರಹಾಂ 2014ರಲ್ಲಿ ಇದನ್ನು ಪ್ರಶ್ನಿಸಿದರು. ಅವರು ಟೈಟ್ ಎಂಡ್, ಅಂದರೆ ಅಡ್ಡಗಟ್ಟುವ ಕೆಲಸವನ್ನೂ ಹಿಡಿಯುವ ಕೆಲಸವನ್ನೂ ಮಾಡುವ ಆಳು. ಅರ್ಧಕ್ಕಿಂತ ಹೆಚ್ಚು ಬಾರಿ ತಾನು ರಿಸೀವರ್ ನಿಲ್ಲುವ ಕಡೆಯೇ ನಿಲ್ಲುತ್ತೇನೆ, ಹಾಗಾಗಿ ಆ ದರ ಕೊಡಿ ಎಂದು ಕೇಳಿದರು. ಎರಡು ದರಗಳ ನಡುವೆ 50 ಲಕ್ಷ ಡಾಲರ್‌ಗೂ ಮಿಕ್ಕಿದ ವ್ಯತ್ಯಾಸ. ಮಧ್ಯಸ್ಥಗಾರ ಸ್ಟೀಫನ್ ಬರ್ಬ್ಯಾಂಕ್ ಒಪ್ಪಲಿಲ್ಲ. ಟೈಟ್ ಎಂಡ್ ಎಂದರೆ ಟೈಟ್ ಎಂಡ್.

ಇದೇ ಸಂಗತಿಯ ತಲೆಕೆಳಗಾದ ರೂಪವನ್ನೂ ನೋಡಿ. ಫಾರ್ಟಿನೈನರ್ಸ್‌ನಲ್ಲೇ ಇದ್ದ ಡೀಬೊ ಸ್ಯಾಮುಯೆಲ್ ರಿಸೀವರ್. 2021ರಲ್ಲಿ ತಂಡ ಅವರನ್ನು ಓಡಿಸಲೂ ತೊಡಗಿತು. ಹಿಡಿದು 1,405 ಗಜ, ಓಡಿ 365 ಗಜ, ಓಟದಲ್ಲೇ 8 ಟಚ್‌ಡೌನ್. ಮರುವರ್ಷ ಅವರು ಪಡೆದ ಒಪ್ಪಂದ 3 ವರ್ಷಕ್ಕೆ 7.15 ಕೋಟಿ ಡಾಲರ್, ಜೊತೆಗೆ ಓಟಕ್ಕೆಂದೇ ಪ್ರತ್ಯೇಕ ಪ್ರೋತ್ಸಾಹಧನದ ಷರತ್ತು. ಅಂದರೆ ಹಿಡಿಯುವವನು ಓಡಿದರೆ ಪೂರ್ತಿ ಊಟದ ಮೇಲೆ ಕಜ್ಜಾಯ. ಓಡುವವನು ಹಿಡಿದರೆ ಅದು ಅವನ ಕೆಲಸದಲ್ಲೇ ಸೇರಿದ್ದು. ಅದೇ ಋತುವಿನಲ್ಲಿ ಆ ತಂಡ ಸೇರಿದ ಮೆಕ್ಯಾಫ್ರಿಯ ಒಪ್ಪಂದ ವರ್ಷಕ್ಕೆ 1.6 ಕೋಟಿಯದು, ಡೀಬೊ ಅವರದು 2.38 ಕೋಟಿಯದು.

ಫಾರ್ಟಿನೈನರ್ಸ್ ಹೆಸರಿಗೆ ಸ್ಯಾನ್ ಫ್ರಾನ್ಸಿಸ್ಕೊ ತಂಡವಾದರೂ ಆಡುವುದು ಸಾಂತಾ ಕ್ಲಾರಾದ ಲೀವೈಸ್ ಕ್ರೀಡಾಂಗಣದಲ್ಲಿ. ಸುತ್ತ ಸನಿವೇಲ್, ಸ್ಯಾನ್ ಹೋಸೆ. ಭಾನುವಾರ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಹೊರಟವರು ಕೆಂಪು ಜೆರ್ಸಿಗಳ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವ ಊರುಗಳು. ಅಲ್ಲಿರುವ ನನ್ನ ಅಕ್ಕನ ಮಗನಿಗೆ ಡೀಬೊ ಮತ್ತು ಮೆಕ್ಯಾಫ್ರಿ ಲೆಕ್ಕ ವಿವರಿಸುತ್ತಿದ್ದೆ. ಅವನು ಅರ್ಧಕ್ಕೇ ತಡೆದ. “ಮಾವ, ಇದನ್ನೆಲ್ಲ ನನಗೆ ಹೇಳ್ತೀಯಾ? ಕೋಡೂ ನಾನೇ ಬರೀಬೇಕು, ಟೆಸ್ಟಿಂಗೂ ನಾನೇ ಮಾಡಬೇಕು. ಅಪ್ರೈಸಲ್ ದಿನ ಮಾತ್ರ ನನ್ನ ಡೆಸಿಗ್ನೇಷನ್ ಯಾವ ಬ್ಯಾಂಡಲ್ಲಿದೆ ಅಂತ ನೋಡ್ತಾರೆ.” ಅಲ್ಲಿಗೆ ನನ್ನ ಪಾಠ ಮುಗಿಯಿತು.

ಆದರೆ ತಂಡಗಳ ವಾದವನ್ನು ಬರೀ ಜಿಪುಣತನ ಎಂದು ತಳ್ಳಿಹಾಕುವಂತಿಲ್ಲ. ರನ್ನಿಂಗ್ ಬ್ಯಾಕ್ ಹಿಡಿಯುವ ಚೆಂಡು ಬಹುಪಾಲು ಹತ್ತಿರದ್ದು. ರಿಸೀವರ್ ಇಪ್ಪತ್ತು ಗಜದಾಚೆ ಇಬ್ಬರು ಕಾವಲುಗಾರರ ನಡುವೆ ಹಿಡಿಯುವುದಕ್ಕೂ, ಓಡುವವನು ಎರಡು ಗಜದಲ್ಲಿ ಹಿಡಿದು ತಿರುಗುವುದಕ್ಕೂ ಒಂದೇ ಬೆಲೆ ಕಟ್ಟಲಾಗದು. 85 ಹಿಡಿತ ಎಂದಾಕ್ಷಣ ಅವನು ರಿಸೀವರ್ ಆಗಿಬಿಡುವುದಿಲ್ಲ. ಮೇಲಾಗಿ ಒಂದು ಯತ್ನದಲ್ಲಿ ಅವನು ಮಾಡುವುದು ಒಂದೇ ಕೆಲಸ. ಓಡುವಾಗ ಹಿಡಿಯುವುದಿಲ್ಲ, ಹಿಡಿಯುವಾಗ ಓಟದ ಸರದಿ ಇನ್ನೊಂದು ಯತ್ನಕ್ಕೆ. ಎರಡಾಳಿನ ಕೆಲಸ ಎಂಬುದು ಅಷ್ಟರಮಟ್ಟಿಗೆ ಉತ್ಪ್ರೇಕ್ಷೆ.

ಇನ್ನೊಂದು ತೊಡಕು ನಮಗೆ ಕ್ರಿಕೆಟ್‌ನಿಂದ ಬೇಗ ಅರ್ಥವಾಗುತ್ತದೆ. ಐಪಿಎಲ್ ಹರಾಜಿನಲ್ಲಿ ಆಲ್‌ರೌಂಡರ್‌ಗೆ ಕಣ್ಣುಮುಚ್ಚಿ ಸುರಿಯುವ ಕಾಲವಿತ್ತು. 2021ರಲ್ಲಿ ಕ್ರಿಸ್ ಮಾರಿಸ್‌ಗೆ 16.25 ಕೋಟಿ ರೂಪಾಯಿ ಕೊಟ್ಟದ್ದು ಆಗಿನ ದಾಖಲೆ. 2023ರಲ್ಲಿ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಬಂದ ಮೇಲೆ ಬ್ಯಾಟಿಂಗ್‌ಗೆ ಒಬ್ಬ, ಬೌಲಿಂಗ್‌ಗೆ ಒಬ್ಬ ಎಂದು ಬದಲಿಸಿಕೊಳ್ಳಲು ದಾರಿ ಸಿಕ್ಕಿತು. ಅರ್ಧಂಬರ್ಧ ಎರಡೂ ಬರುವವನ ಅಗತ್ಯ ಕಡಿಮೆಯಾಯಿತು ಎಂಬ ದೂರು ಆಗಿನಿಂದ ಇದೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಯತ್ನದ ನಡುವೆಯೂ ಎಷ್ಟು ಜನರನ್ನು ಬೇಕಾದರೂ ಬದಲಿಸಬಹುದು. ನಿರಂತರ ಇಂಪ್ಯಾಕ್ಟ್ ಪ್ಲೇಯರ್ ಎನ್ನಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಇದನ್ನು ಚೆನ್ನಾಗಿ ಬಳಸಿತು. 2016ರ ಋತುವಿನಲ್ಲಿ ನುಗ್ಗಿ ಓಡಲು ಲಗ್ಯಾರೆಟ್ ಬ್ಲೌಂಟ್, ಹಿಡಿಯಲು ಜೇಮ್ಸ್ ವೈಟ್. ಬ್ಲೌಂಟ್ 18 ಟಚ್‌ಡೌನ್ ಓಡಿದರು. ವೈಟ್ ಸೂಪರ್ ಬೌಲ್ ಒಂದರಲ್ಲೇ 14 ಚೆಂಡು ಹಿಡಿದು ಮೂರು ಟಚ್‌ಡೌನ್ ಮಾಡಿದರು. ಇಬ್ಬರ ಸಂಬಳ ಕೂಡಿಸಿದರೂ ಒಬ್ಬ ತಾರೆಯ ಅರ್ಧ ಸಂಬಳ ಆಗುತ್ತಿರಲಿಲ್ಲ.

ಹಾಗಾದರೆ ಸವ್ಯಸಾಚಿಗೆ ಹೆಚ್ಚು ಕೊಡುವುದೇಕೆ? ಬ್ಲೌಂಟ್ ಮೈದಾನಕ್ಕೆ ಬಂದರೆ ಓಟ ಬರುತ್ತದೆಂದು, ವೈಟ್ ಬಂದರೆ ಎಸೆತ ಬರುತ್ತದೆಂದು ಎದುರಾಳಿ ಊಹಿಸಬಹುದು. ಊಹಿಸಿ ತಕ್ಕ ಆಳುಗಳನ್ನು ಇಳಿಸಬಹುದು, ಓಟ ತಡೆಯಲು ದಪ್ಪನೆಯ ಲೈನ್‌ಬ್ಯಾಕರ್‌ಗಳು, ಎಸೆತ ತಡೆಯಲು ಚುರುಕಾದ ಹಗುರ ಆಟಗಾರರು. ಮೆಕ್ಯಾಫ್ರಿ ನಿಂತಿದ್ದರೆ ಈ ಊಹೆ ನಡೆಯುವುದಿಲ್ಲ. ಹಗುರದವರನ್ನು ಇಳಿಸಿದರೆ ಮಧ್ಯದಲ್ಲಿ ನುಗ್ಗುತ್ತಾರೆ. ದಪ್ಪದವರನ್ನು ಇಳಿಸಿದರೆ ಚೆಂಡು ಸಿಡಿಯುವ ಮೊದಲೇ ಅಂಚಿಗೆ ಹೋಗಿ ರಿಸೀವರ್‌ನಂತೆ ನಿಲ್ಲುತ್ತಾರೆ, ಪಾಪದ ಲೈನ್‌ಬ್ಯಾಕರ್ ಅವರ ಹಿಂದೆ ಬಯಲಲ್ಲಿ ಓಡಬೇಕು. ಚೆಂಡು ಅವರ ಕೈಗೆ ಬಾರದಿದ್ದರೂ ಅವರತ್ತ ಒಬ್ಬ ಕಾವಲುಗಾರ ವಾಲಿದ್ದರಿಂದ ಇನ್ನೊಬ್ಬನಿಗೆ ದಾರಿ ತೆರೆದಿರುತ್ತದೆ. ಆ ಗಜಗಳು ಅವರ ಖಾತೆಗೆ ಜಮೆಯಾಗುವುದಿಲ್ಲ. ಓಟದ ಪಟ್ಟಿಯಲ್ಲೂ ಇಲ್ಲ, ಹಿಡಿತದ ಪಟ್ಟಿಯಲ್ಲೂ ಇಲ್ಲ. ಸವ್ಯಸಾಚಿಯ ನಿಜವಾದ ಬೆಲೆ ಈ ಬರೆಯದ ಸಾಲಿನಲ್ಲಿದೆ ಎಂದು ನನ್ನ ಅಂದಾಜು.

ಈಗ ನನ್ನ ಲೆಕ್ಕ. ಬರೀ ಓಡುವ ಉತ್ತಮ ಆಳಿಗೆ ಕ್ಯಾಪ್‌ನ ಶೇ 4 ಎನ್ನೋಣ. ಒಳ್ಳೆಯ ಎರಡನೇ ದರ್ಜೆ ರಿಸೀವರ್‌ಗೆ ಶೇ 5. ಕೂಡಿಸಿದರೆ 9. ಒಂದೇ ದೇಹ ಎರಡು ಕಡೆ ಇರಲಾಗದು, ಹಿಡಿಯುವುದೂ ಹತ್ತಿರದ ಚೆಂಡು ಎಂಬುದಕ್ಕೆ ಎರಡು ಕಳೆಯಿರಿ. ಊಹೆ ತಪ್ಪಿಸುವ ಗುಣಕ್ಕೆ ಒಂದು ಕೂಡಿಸಿ. ಗಾಯದ ಭಯಕ್ಕೆ ಅರ್ಧವೋ ಮುಕ್ಕಾಲೋ ಕಳೆಯಿರಿ. ಏಳು ಏಳೂವರೆಯ ಹತ್ತಿರ ಬಂದು ನಿಲ್ಲುತ್ತದೆ. ಇದು ಕಿರಾಣಿ ಅಂಗಡಿಯ ಚೀಟಿ ಲೆಕ್ಕವೇ ಸರಿ, ಆದರೆ ಮಾರುಕಟ್ಟೆಯೂ ಬಂದು ನಿಂತದ್ದು ಅಲ್ಲೇ. 2024ರ ಜೂನ್‌ನಲ್ಲಿ ಮೆಕ್ಯಾಫ್ರಿಗೆ ಸಿಕ್ಕ ಹೊಸ ಒಪ್ಪಂದ ವರ್ಷಕ್ಕೆ 1.9 ಕೋಟಿ, ಕ್ಯಾಪ್ 25.54 ಕೋಟಿ. ಶೇ 7.4. ಮರುವರ್ಷ ಫಿಲಡೆಲ್ಫಿಯ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿಗೆ ವರ್ಷಕ್ಕೆ 2.06 ಕೋಟಿ, ಕ್ಯಾಪ್ 27.92 ಕೋಟಿ. ಅದೂ ಶೇ 7.4.

ಬಾರ್ಕ್ಲಿ ಹೆಸರು ಬಂದದ್ದು ನನ್ನ ವಾದಕ್ಕೆ ಸ್ವಲ್ಪ ಮುಜುಗರ. ನ್ಯೂಯಾರ್ಕ್ ಜಯಂಟ್ಸ್‌ನಲ್ಲಿ ಮೊದಲ ವರ್ಷ 91 ಚೆಂಡು ಹಿಡಿದಿದ್ದ ಅವರು ಈಗಲ್ಸ್‌ಗೆ ಬಂದ 2024ರಲ್ಲಿ ಹಿಡಿದದ್ದು 33. ಓಡಿದ್ದು ಮಾತ್ರ 2,005 ಗಜ, ಪ್ಲೇಆಫ್ ಸೇರಿಸಿದರೆ 2,504, ಅದು ಲೀಗ್ ಇತಿಹಾಸದಲ್ಲೇ ದಾಖಲೆ. ತಂಡ ಸೂಪರ್ ಬೌಲ್ ಗೆದ್ದಿತು. ಹಿಡಿತದ ನೆರವಿಲ್ಲದೆ ಓಟದಿಂದಲೇ 7.4 ಮುಟ್ಟಬಹುದು ಎಂದಾಯಿತು. ಆದರೆ ಅದಕ್ಕೆ ಎರಡು ಸಾವಿರ ಗಜ ಓಡಬೇಕು, ಮುಂದೆ ಈಗಲ್ಸ್‌ನಂಥ ದಾಂಡಿಗರ ಸಾಲು ದಾರಿ ಬಿಡಿಸಬೇಕು. ಎರಡು ಸಾವಿರ ದಾಟಿದವರು ಲೀಗ್ ಇತಿಹಾಸದಲ್ಲೇ ಒಂಬತ್ತು ಮಂದಿ.

ಹೋಲಿಕೆಗೆ ಇರಲಿ, ಅದೇ ಹೊತ್ತಿನಲ್ಲಿ ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್ ಪಡೆದದ್ದು ವರ್ಷಕ್ಕೆ 4 ಕೋಟಿಗೂ ಹೆಚ್ಚು, ಶೇ 14. ಡಲ್ಲಾಸ್‌ನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ಪಡೆದದ್ದು ವರ್ಷಕ್ಕೆ 6 ಕೋಟಿ.

ಆದ್ದರಿಂದ ಅಗ್ರಶ್ರೇಣಿಯ ಸವ್ಯಸಾಚಿಗೆ ಈಗ ಸಿಗುತ್ತಿರುವ ಮೊತ್ತದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಅದು ಸಿಗುವ ಹೊತ್ತಿನ ಬಗ್ಗೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದಿಂದ ಶುರುವಾದ ನಿಯಮದ ಪ್ರಕಾರ ಡ್ರಾಫ್ಟ್‌ನಲ್ಲಿ ಬಂದ ಹುಡುಗನ ಸಂಬಳ ನಾಲ್ಕು ವರ್ಷಕ್ಕೆ ಮೊದಲೇ ನಿಗದಿ. ಮೂರು ಋತು ಮುಗಿಯುವವರೆಗೆ ಚೌಕಾಸಿಯೂ ಮಾಡುವಂತಿಲ್ಲ. ಮೊದಲ ಸುತ್ತಿನವನಾದರೆ ತಂಡ ಐದನೇ ವರ್ಷಕ್ಕೂ ಹಿಡಿದಿಡಬಹುದು, ಆಮೇಲೆ ಟ್ಯಾಗ್ ಕಟ್ಟಬಹುದು. ಕ್ವಾರ್ಟರ್‌ಬ್ಯಾಕ್‌ಗೆ ಇದು ಕಾಯುವ ಕೆಲಸವಷ್ಟೆ, ಅವನು ಮೂವತ್ತೈದರಲ್ಲೂ ಆಡುತ್ತಾನೆ. ಓಡುವವನ ಕಾಲು 27, 28ಕ್ಕೆ ಮಾತು ಕೇಳುವುದು ನಿಲ್ಲಿಸುತ್ತದೆ. ಅವನ ಫಸಲು ಬರುವುದೇ ಮೊದಲ ನಾಲ್ಕೈದು ವರ್ಷ, ಆ ಫಸಲನ್ನು ಕಡಿಮೆ ದರಕ್ಕೆ ಮೊದಲೇ ಬರೆಸಿಕೊಂಡಾಗಿರುತ್ತದೆ. ನ್ಯೂ ಓರ್ಲಿಯನ್ಸ್‌ನ ಆಲ್ವಿನ್ ಕಮಾರ ಮೊದಲ ಮೂರು ವರ್ಷ ವರ್ಷಕ್ಕೆ ಸರಿಯಾಗಿ 81ರಂತೆ ಚೆಂಡು ಹಿಡಿದರು, ಮೂರೂ ವರ್ಷ 81. ಆ ನಾಲ್ಕು ವರ್ಷದ ಒಪ್ಪಂದದ ಒಟ್ಟು ಮೊತ್ತ 40 ಲಕ್ಷ ಡಾಲರ್‌ಗಿಂತ ಕಡಿಮೆ. ಮೆಕ್ಯಾಫ್ರಿ ಸಾವಿರ, ಸಾವಿರ ದಾಟಿದ ವರ್ಷ ಅವರ ಒಪ್ಪಂದ 4 ವರ್ಷಕ್ಕೆ 1.72 ಕೋಟಿಯದು.

ಹೀಗೆ ತಡವಾಗಿ ಸಿಕ್ಕ ದೊಡ್ಡ ಮೊತ್ತ ಮುಗಿದ ಓಟಕ್ಕೆ ಕೊಟ್ಟ ಬಾಕಿಯಂತಾಗುತ್ತದೆ. ತಂಡಕ್ಕೆ ಅದು ಮುಂದಿನ ಓಟದ ಬೆಲೆ ಎಂಬ ಭ್ರಮೆ. 2018ರಲ್ಲಿ ಟಾಡ್ ಗರ್ಲಿಗೆ ದೊಡ್ಡ ಒಪ್ಪಂದ ಕೊಟ್ಟ ರ‍್ಯಾಮ್ಸ್ 2020ರಲ್ಲಿ ಅವರನ್ನು ಮಂಡಿನೋವಿನ ಸಮೇತ ಬಿಟ್ಟಿತು. 2019ರಲ್ಲಿ ಎಜೆಕಿಯಲ್ ಎಲಿಯಟ್‌ಗೆ 6 ವರ್ಷಕ್ಕೆ 9 ಕೋಟಿ ಎಂದ ಡಲ್ಲಾಸ್ 2023ರಲ್ಲಿ ಬಿಟ್ಟಿತು. ಮೆಕ್ಯಾಫ್ರಿಯೇ 2020ರಲ್ಲಿ ತಮ್ಮ ಹಿಂದಿನ ತಂಡ ಕ್ಯಾರೊಲಿನಾದ 6.4 ಕೋಟಿಗೆ ಸಹಿ ಹಾಕಿದ ಮೇಲೆ ಎರಡು ಋತುಗಳ 33 ಪಂದ್ಯಗಳಲ್ಲಿ ಆಡಿದ್ದು ಹತ್ತು. ಈ ಉದಾಹರಣೆಗಳನ್ನೇ ತೋರಿಸಿ ಮುಂದಿನ ಹುಡುಗರಿಗೆ ಕಡಿಮೆ ಕೊಟ್ಟರು. 2023ರ ಜುಲೈ 22ರಂದು ಲೀಗ್‌ನ ಹಲವು ಪ್ರಮುಖ ರನ್ನಿಂಗ್ ಬ್ಯಾಕ್‌ಗಳು ಜೂಮ್ ಕರೆಯಲ್ಲಿ ಕೂಡಿ ದುಃಖ ತೋಡಿಕೊಂಡರು. ಕರೆದವರು ಆಸ್ಟಿನ್ ಎಕ್ಲರ್, ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಂದು ಎರಡು ವರ್ಷ ಸತತ ಲೀಗ್‌ನಲ್ಲೇ ಅತಿ ಹೆಚ್ಚು ಟಚ್‌ಡೌನ್ ಮಾಡಿ, 2022ರಲ್ಲಿ 107 ಚೆಂಡು ಹಿಡಿದಿದ್ದ ಆಟಗಾರ. ಸಭೆಯಿಂದ ಏನೂ ಆಗಲಿಲ್ಲ, ಲೀಗ್ ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2030ರವರೆಗೆ ಇದೆ. ನನ್ನನ್ನು ಕೇಳಿದರೆ ಓಡುವವರಿಗೆ ಎರಡನೇ ವರ್ಷದ ಕೊನೆಗೇ ಚೌಕಾಸಿಯ ಬಾಗಿಲು ತೆರೆಯಬೇಕು. ಮೊತ್ತ ಹೆಚ್ಚಿಸುವುದಕ್ಕಿಂತ ಬಾಗಿಲು ಬೇಗ ತೆರೆಯುವುದು ನ್ಯಾಯ.

ಈಗ 789ಕ್ಕೆ ಬರೋಣ. 2024ರಲ್ಲಿ ಹೊಸ ಒಪ್ಪಂದದ ಮಸಿ ಆರುವ ಮೊದಲೇ ಮೆಕ್ಯಾಫ್ರಿಯ ಹಿಮ್ಮಡಿಯ ಸ್ನಾಯುರಜ್ಜು ಕೈಕೊಟ್ಟಿತು, ಆಮೇಲೆ ಮಂಡಿ. ಋತುವಿನಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಅವರ ಜಾಗಕ್ಕೆ ಬಂದ ಜೋರ್ಡನ್ ಮೇಸನ್ ಕೂಡ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದವರು. ಮೊದಲ ಪಂದ್ಯದಲ್ಲೇ 147 ಗಜ ಓಡಿದರು. ತಾವೂ ಗಾಯಗೊಂಡು ನಿಲ್ಲುವಷ್ಟರಲ್ಲಿ ಅವರ ಲೆಕ್ಕ 153 ಓಟಕ್ಕೆ 789 ಗಜ. ಕೋಟಿಗಳ ಬೆಲ್ ಜೆಟ್ಸ್‌ಗೆ 245 ಓಟದಲ್ಲಿ ಕೊಟ್ಟಷ್ಟೇ ಗಜ, ತೊಂಬತ್ತೆರಡು ಓಟ ಕಡಿಮೆ ಮಾಡಿ. ಓಟಕ್ಕೆ ಬದಲಿ ಸಿಗುತ್ತದೆ ಎನ್ನುವವರಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಮೇಸನ್ ಇಡೀ ಋತುವಿನಲ್ಲಿ ಹಿಡಿದ ಚೆಂಡು ಹನ್ನೊಂದು. ಹಿಂದಿನ ಋತುವಿನ ಸೂಪರ್ ಬೌಲ್‌ನಲ್ಲಿ ಮೆಕ್ಯಾಫ್ರಿ ಒಬ್ಬರೇ ಎಂಟು ಹಿಡಿದಿದ್ದರು, ಓಡಿ 80 ಗಜ, ಹಿಡಿದು 80 ಗಜ. ಆ ಪಂದ್ಯ ಹೆಚ್ಚುವರಿ ಸಮಯದವರೆಗೆ ಹೋಗಿ ಸೋತಿದ್ದ ತಂಡ ಮುಂದಿನ ಋತುವಿನಲ್ಲಿ 6 ಗೆದ್ದು 11 ಸೋತಿತು. ಬೇರೆ ಗಾಯಗಳೂ ಇದ್ದವು, ಎಲ್ಲವನ್ನೂ ಒಬ್ಬರ ಗೈರುಹಾಜರಿಗೆ ಕಟ್ಟಲಾಗದು.

2025ರ ಮಾರ್ಚ್‌ನಲ್ಲಿ ಫಾರ್ಟಿನೈನರ್ಸ್ ಆಡಳಿತದ ಮುಂದೆ ಇಬ್ಬರಿದ್ದರು. ಒಬ್ಬ ಅಗ್ಗದವನು, ಓಟಕ್ಕೆ ಐದು ಗಜಕ್ಕೂ ಹೆಚ್ಚು ಸರಾಸರಿ ಇದ್ದವನು. ಇನ್ನೊಬ್ಬರು ವರ್ಷಕ್ಕೆ 1.9 ಕೋಟಿಯವರು, 28 ದಾಟಿ 29ರತ್ತ ಹೊರಟಿದ್ದವರು, ಹಿಂದಿನ ಋತುವಿನಲ್ಲಿ ಹದಿಮೂರು ಪಂದ್ಯ ಹೊರಗೆ ಕೂತಿದ್ದವರು. ತಂಡ ಮೇಸನ್‌ರನ್ನು ಮಿನೆಸೋಟಕ್ಕೆ ಬಿಟ್ಟುಕೊಟ್ಟಿತು. ಬದಲಿಗೆ ತೆಗೆದುಕೊಂಡದ್ದು ಕೊನೆಯ ಸುತ್ತುಗಳ ಚಿಲ್ಲರೆ ಆಯ್ಕೆಗಳನ್ನು.